ಏನೂ ಕಲ್ಸಿಲ್ಲ

ಮನೆಗೆ ಹೋಗುವ ಹೊತ್ತಿಗೆ ಪುಟ್ಟ ಮಕ್ಕಳನ್ನು ಗುಂಡಗೆ ಕೂರಿಸಿ, ಇವತ್ತು ಏನು ಕಲಿತಿರಿ ಎಂದು ಕೇಳಬೇಕು ಅಂತ ಕಂಡುಹಿಡಿದ ಮಹಾನುಭಾವ ಯಾರೋ ನನಗೆ ಗೊತ್ತಿಲ್ಲ. ಕೈಗೆ ಸಿಕ್ಕಿದರೆ ನನ್ನ ತರಗತಿಯಲ್ಲಿ ಒಂದು ವಾರ ಕೂರಿಸಿಬಿಡುತ್ತೇನೆ. ಆ ಹೊತ್ತಿನಲ್ಲಿ ಒಬ್ಬ ಎಡಗಾಲಿನ ಶೂವನ್ನು ಬಲಗಾಲಿಗೆ ತುರುಕುತ್ತ ಅಳುತ್ತಿರುತ್ತಾನೆ. ಇನ್ನೊಬ್ಬಳ ನೀರಿನ ಬಾಟಲಿಯ ಮುಚ್ಚಳ ಕಳೆದುಹೋಗಿರುತ್ತದೆ. ಮತ್ತೊಬ್ಬ ಉಚ್ಚೆ ಬಂತು ಎಂದು ಹೇಳುವಷ್ಟರಲ್ಲಿ ಅದು ಬಂದೂ ಆಗಿರುತ್ತದೆ. ಇವರೆಲ್ಲ ಕಣ್ಣು ಮುಚ್ಚಿ, ಬೆಳಗಿನಿಂದ ತಾವು ಕಲಿತದ್ದನ್ನು ನೆನೆದು, ಒಬ್ಬೊಬ್ಬರಾಗಿ ಹೇಳಬೇಕಂತೆ. ನಾನೇ ಸಂಜೆ ಮನೆಗೆ ಹೋದಾಗ ಯಾರಾದರೂ ಹಾಗೆ ಕೇಳಿದರೆ ಕೈಯಲ್ಲಿದ್ದ ಚೀಲ ಬಿಸಾಕಿಯೇನು.

ಇದೆಲ್ಲ ಶುರುವಾದದ್ದು ನಮ್ಮ ಶಿಶುವಿಹಾರದ ಹೆಡ್ ಮೇಡಂ ಒಂದು ತರಬೇತಿಗೆ ಹೋಗಿ ಬಂದ ಮೇಲೆ. ಅವರು ತರಬೇತಿಗೆ ಹೋದರು ಅಂದರೆ ನಮ್ಮ ಗ್ರಹಚಾರ ಕೆಟ್ಟಿತು ಅಂತಲೇ ಲೆಕ್ಕ. ಹಿಂದಿನ ಸಲ ಹೋಗಿ ಬಂದು ಗೋಡೆಗೆಲ್ಲ ತಿಳಿನೀಲಿ ಬಳಿಸಿದ್ದರು. ಆ ಬಣ್ಣ ನೋಡಿದರೆ ಮಕ್ಕಳು ಜಗಳ ಆಡುವುದಿಲ್ಲವಂತೆ. ಈಗ ನಮ್ಮ ಮಕ್ಕಳು ತಿಳಿನೀಲಿ ಗೋಡೆಯ ಮುಂದೆ ನಿಂತು ಜಗಳ ಆಡುತ್ತಾರೆ. ಈ ಸಲ ಅವರು ತಂದದ್ದು ಒಂದು ಬಟ್ಟೆಯ ಚೆಂಡು ಮತ್ತು ಒಂದು ಪದ. ಪದ 'ಮೆಲುಕು'. ದಿನದ ಕೊನೆಯಲ್ಲಿ ಮಕ್ಕಳು ಮೆಲುಕು ಹಾಕಬೇಕು, ಚೆಂಡು ಯಾರ ಕೈಗೆ ಬರುತ್ತದೋ ಅವರು ಕಲಿತದ್ದನ್ನು ಹೇಳಬೇಕು.

ಮೊದಲ ದಿನ ನಾನೂ ಭಯಭಕ್ತಿಯಿಂದ, "ಮಕ್ಕಳೇ, ಈಗ ಎಲ್ಲರೂ ಮೆಲುಕು ಹಾಕೋಣ" ಅಂದೆ. ಅದರ ಹಿಂದಿನ ದಿನವಷ್ಟೇ ಹಸುವಿನ ಪಾಠ ಆಗಿತ್ತು. ಇಡೀ ತರಗತಿ ಬಾಯಿ ಆಡಿಸತೊಡಗಿತು. ಕೆಲವರು ಗೋಣು ಅಲ್ಲಾಡಿಸಿದರು, ಒಬ್ಬಳು ನೊಣ ಓಡಿಸುವವಳಂತೆ ಜಡೆ ಬೀಸಿದಳು. ಸದಾ ಕೊಯ್ಯೋ ಎಂದು ರಾಗ ಎಳೆಯುವ ಹುಡುಗನೊಬ್ಬನಿದ್ದಾನೆ, ನಾನು ಮನಸ್ಸಿನಲ್ಲೇ ಅವನಿಗೆ ಪಿಟೀಲು ಎಂದು ಹೆಸರಿಟ್ಟಿದ್ದೇನೆ. ಅವನು ಎದ್ದು ನಿಂತು, "ಟೀಚರ್, ನನ್ನ ಬಾಯಲ್ಲಿ ಏನೂ ಇಲ್ಲ, ಏನ್ ಹಾಕ್ಲಿ?" ಅಂತ ಅಳುವುದಕ್ಕೇ ಶುರುಮಾಡಿದ.

ಮೆಲುಕನ್ನು ಆವತ್ತೇ ಕೈಬಿಟ್ಟೆ. ಮರುದಿನದಿಂದ ಎಲ್ಲ ಮನೆಯಲ್ಲೂ ಕೇಳುವ ಹಾಗೆ ಸೀದಾ ಕೇಳಿದೆ. "ಇವತ್ತು ನಾನು ನಿಮಗೆ ಏನೇನು ಕಲ್ಸಿದೆ, ಹೇಳಿ ನೋಡೋಣ."

ಚೆಂಡು ಸುತ್ತು ಹೊಡೆಯಿತು. "ಅವನು ನನ್ನ ಕಚ್ಚಿದ." "ನಮ್ಮಜ್ಜಿಗೆ ಹಲ್ಲಿಲ್ಲ." "ನಾನು ತಿಂಡಿ ಪೂರ್ತಿ ತಿಂದೆ." "ಟೀಚರ್, ನಿಮ್ಮ ಮೂಗಿನ ಮೇಲೆ ಸುಣ್ಣ ಇದೆ." ಬೆಳಗಿನಿಂದ ಗಂಟಲು ಹರಿದುಕೊಂಡು, ಕಲ್ಲು, ಹತ್ತಿ, ಬಿರಡೆ ಎಲ್ಲ ತಂದು, ಯಾವುದು ಮುಳುಗುತ್ತದೆ ಯಾವುದು ತೇಲುತ್ತದೆ ಎಂದು ಬಕೆಟ್ ನೀರು ಚೆಲ್ಲಾಡಿ ತೋರಿಸಿದ್ದೆ. ಅದನ್ನು ಒಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಚೆಂಡನ್ನು ಮಾತ್ರ ಪಿಟೀಲು ತೆಗೆದುಕೊಂಡು ಹೋಗಿ ಬಕೆಟ್ಟಿನಲ್ಲಿ ಹಾಕಿ, "ತೇಲ್ತು!" ಅಂತ ಕೂಗಿದ. ಅದು ಉತ್ತರವೋ ಅಲ್ಲವೋ ಎಂದು ತರಬೇತಿಯಲ್ಲಿ ಹೇಳಿರಲಿಲ್ಲ.

ಇವರನ್ನೆಲ್ಲ ಹೇಗೋ ಸಹಿಸಿಕೊಳ್ಳಬಹುದಿತ್ತು. ನನ್ನ ಜೀವ ಹಿಂಡಿದವಳು ಸಾಸಿವೆ.

ಸಾಸಿವೆ ಅಂದರೆ ಸಾಲಿನ ಕೊನೆಯಲ್ಲಿ ನಿಲ್ಲುವ, ತರಗತಿಯಲ್ಲೇ ಗಿಡ್ಡನೆಯ ಹುಡುಗಿ. ಗಾತ್ರ ನೋಡಿ ನಾನಿಟ್ಟ ಹೆಸರು. ಮಾತಾಡುವುದು ಪಿಸುಮಾತಿನಲ್ಲಿ, ಅದೂ ಯೋಚನೆ ಮಾಡಿ. ಆದರೆ ಚುರುಕು ಅಂದರೆ ಚುರುಕು. ತೂಕದ ಪಾಠದ ದಿನ ಎಲ್ಲರೂ ಕಲ್ಲುಗಳನ್ನು ಒಬ್ಬರ ಮೇಲೊಬ್ಬರು ಎಸೆದಾಡುತ್ತಿದ್ದಾಗ ಅವಳೊಬ್ಬಳು ಎರಡು ಕೈಯಲ್ಲೂ ಎತ್ತಿ ನೋಡಿ ಹಗುರದಿಂದ ಭಾರಕ್ಕೆ ಸಾಲಾಗಿ ಜೋಡಿಸಿಟ್ಟಿದ್ದಳು. ಸುಳ್ಳು ಅವಳ ಬಾಯಲ್ಲಿ ಬಂದದ್ದೇ ಇಲ್ಲ. ಬಣ್ಣದ ಪೆನ್ಸಿಲ್ ಪೆಟ್ಟಿಗೆ ಒಡೆದದ್ದು ಯಾರು ಎಂದರೆ, ತಾನೇ ಒಡೆದಿದ್ದರೂ "ನಾನು" ಎಂದು ಕೈ ಎತ್ತುವ ಜಾತಿ. ಇಂಥವಳ ಕೈಗೆ ಚೆಂಡು ಬಂದಾಗ, ಸದ್ಯ ಇವಳಾದರೂ ಮಾನ ಉಳಿಸುತ್ತಾಳೆ ಎಂದು ನಾನು ಮುಂದಕ್ಕೆ ಬಾಗುತ್ತಿದ್ದೆ.

"ಹೇಳು ಪುಟ್ಟ, ಇವತ್ತು ಏನ್ ಕಲ್ಸಿದೆ ನಾನು?"

ಅವಳು ಮೇಜಿನ ಕಡೆ ನೋಡುತ್ತಿದ್ದಳು, ಕೈತೊಳೆಯುವ ತೊಟ್ಟಿಯ ಕಡೆ ನೋಡುತ್ತಿದ್ದಳು, ನನ್ನ ಕೈಗಳನ್ನು ನೋಡುತ್ತಿದ್ದಳು. ಕೊನೆಗೆ ನನ್ನ ಬಗ್ಗೆ ಅಯ್ಯೋ ಪಾಪ ಎನ್ನುವ ಮುಖ ಮಾಡಿ, "ಏನೂ ಕಲ್ಸಿಲ್ಲ ಟೀಚರ್" ಅನ್ನುತ್ತಿದ್ದಳು.

ದಿನಾ ಇದೇ. ತೂಕದ ದಿನವೂ ಏನೂ ಕಲ್ಸಿಲ್ಲ, ನೆರಳಿನ ದಿನವೂ ಏನೂ ಕಲ್ಸಿಲ್ಲ, ಬೀಜ ಬಿತ್ತಿದ ದಿನ ಅಂಗೈಯಲ್ಲಿ ಮಣ್ಣು ಅಂಟಿಸಿಕೊಂಡೇ ಏನೂ ಕಲ್ಸಿಲ್ಲ. ಮೈಯೆಲ್ಲ ಉರಿದುಹೋಗುತ್ತಿತ್ತು. ದೊಡ್ಡವರು ಯಾರಾದರೂ ಹೀಗೆ ಅಂದಿದ್ದರೆ ಬಾಯಿಗೆ ಬಂದದ್ದು ಅಂದು ಹಗುರವಾಗಬಹುದಿತ್ತು. ಆ ಮುಖ ನೋಡಿಕೊಂಡು ಬೈಯುವುದಾದರೂ ಹೇಗೆ?

ಹೆಡ್ ಮೇಡಂಗೆ ಇಷ್ಟು ಸಾಲಲಿಲ್ಲ. ಮೆಲುಕು ಮನೆಯಲ್ಲೂ ಮುಂದುವರಿಯಬೇಕು ಎಂದು ಅಪ್ಪ ಅಮ್ಮಂದಿರಿಗೆಲ್ಲ ಫೋನಿನಲ್ಲಿ ಸಂದೇಶ ಕಳಿಸಿದರು: ಟೀಚರ್ ಏನು ಕಲಿಸಿದರು ಎಂದು ದಿನಾಲೂ ಮಗುವನ್ನು ಪ್ರೀತಿಯಿಂದ ಕೇಳಿ. ಉಳಿದ ಮನೆಗಳಲ್ಲಿ ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಾಸಿವೆಯ ಅಪ್ಪ ಮಾತ್ರ ಹಾಕಿಕೊಂಡ. ಆತ ಬೇಕರಿಯಲ್ಲಿ ಬ್ರೆಡ್ ಮಾಡುವ ಕೆಲಸದವನು. ಊರು ಏಳುವ ಮುಂಚೆ ಕೆಲಸಕ್ಕೆ ಹೋಗಿ, ಮಗಳು ಮನೆಗೆ ಬರುವ ಹೊತ್ತಿಗೆ ನಿದ್ದೆಗಣ್ಣಿನಲ್ಲಿ ಕೂತಿರುತ್ತಾನೆ. ಅವಳ ಜೊತೆ ಮಾತಾಡಲು ಅವನಿಗೆ ಸಿಗುವುದೇ ಅಷ್ಟು ಹೊತ್ತು. ಅಷ್ಟರಲ್ಲಿ ಅವನು ದಿನಾ ಈ ಒಂದು ಪ್ರಶ್ನೆ ಕೇಳಿದ. ದಿನಾ ನನಗೆ ಸಿಕ್ಕ ಉತ್ತರವೇ ಅವನಿಗೂ ಸಿಕ್ಕಿತು.

ಒಂದು ಬುಧವಾರ ಅವನು ಕೆಲಸದ ಬಟ್ಟೆಯಲ್ಲೇ ಬಂದು ಹೆಡ್ ಮೇಡಂ ಕೋಣೆಯಲ್ಲಿ ಕೂತ. ನನ್ನನ್ನೂ ಕರೆಸಿದರು.

"ಮೇಡಂ, ನನಗೆ ಜಗಳ ಆಡೋಕೆ ಬರಲ್ಲ" ಎಂದು ಶುರುಮಾಡಿದ. "ನಾನು ಓದಿದವನಲ್ಲ. ಮಗಳಾದ್ರೂ ಓದ್ಲಿ ಅಂತ ಇಲ್ಲಿ ಹಾಕಿದೀನಿ. ದಿನಾ ಕೇಳ್ತೀನಿ, ಟೀಚರ್ ಏನ್ ಕಲ್ಸಿದ್ರು ಕಂದಾ ಅಂತ. ದಿನಾ ಏನೂ ಕಲ್ಸಿಲ್ಲ ಅಂತಾಳೆ. ನಮ್ಮ ಮಗು ಸುಳ್ಳು ಹೇಳಲ್ಲ ಮೇಡಂ."

"ಒಂದಿನಾನೂ ಏನೂ ಹೇಳಿಲ್ವಾ?" ಎಂದರು ಹೆಡ್ ಮೇಡಂ.

"ಒಂದೇ ಒಂದಿನ ಕಲ್ಸಿದ್ರು ಅಂದ್ಲು. ಖುಷಿಯಾಗಿ, ಏನು ಅಂತ ಕೇಳಿದ್ರೆ 'ಹಸಿರು' ಅಂದ್ಲು." ಅವನು ನನ್ನ ಕಡೆ ತಿರುಗಿದ. "ಇಷ್ಟು ದಿನಕ್ಕೆ ಒಂದೇ ಬಣ್ಣಾನಾ ಟೀಚರ್?"

ನನ್ನ ಪಿತ್ತ ನೆತ್ತಿಗೇರಿತು. ತೂಕ, ನೆರಳು, ಬೀಜ, ತೇಲುವುದು, ಮುಳುಗುವುದು ಎಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ. ನಾನು ಹೇಳುತ್ತ ಹೋದಷ್ಟೂ ಅವನ ಮುಖ ಇಳಿಯಿತು. ಇಷ್ಟೆಲ್ಲ ಹೇಳಿಕೊಟ್ಟೂ ಮಗಳ ತಲೆಗೆ ಒಂದೂ ಹತ್ತಲಿಲ್ಲವೇ ಎಂಬ ಹೊಸ ಭಯ ಅವನಿಗೆ ಹುಟ್ಟಿಬಿಟ್ಟಿತು. ಅವನಿಗೆ ಸಮಾಧಾನ ಹೇಳಲು ಹೋಗಿ ಇನ್ನಷ್ಟು ಕೆಡಿಸಿದ್ದೆ.

ಅವನು ಹೋದ ಮೇಲೆ ಹೆಡ್ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆ ಒಳ್ಳೆಯ ಸುದ್ದಿ ಬರುವುದಿಲ್ಲ.

"ಶುಕ್ರವಾರ ಅವರಿಗೆ ಬಂದು ಕೂತು ನೋಡಿ ಅಂದಿದೀನಿ. ನಾನೂ ಇರ್ತೀನಿ. ಆಗ್ಲೂ ಮಗು ಇದೇ ಹೇಳಿದ್ರೆ, ಸೋಮವಾರದಿಂದ ನಿಮ್ಮನ್ನ ಕೆಳಗಿನ ಕೋಣೆಗೆ ಹಾಕ್ಬೇಕಾಗತ್ತೆ. ಮಹಡಿ ಮೇಲಿನ ನಿಮ್ಮ ತರಗತಿಗೆ ಹೊಸ ಹುಡುಗಿ ಬರ್ತಾಳೆ. ತರಬೇತಿ ಆದವಳು."

ಕೆಳಗಿನ ಕೋಣೆ ಅಂದರೆ ಎರಡು ವರ್ಷದ ಕೂಸುಗಳು ಮಲಗುವ ಕೋಣೆ. ಅಲ್ಲಿ ಮಾಡುವ ಕೆಲಸ ಕೀಳು ಎಂದು ನಾನು ಅನ್ನುವುದಿಲ್ಲ. ಆದರೆ ನನಗೆ ಬರುವ ಕೆಲಸ ಅದಲ್ಲ. ಒಂದು ಮಗು ಅಕ್ಷರವನ್ನು ಬರೀ ಗೀಟು ಎಂದು ನೋಡುತ್ತಿರುತ್ತದೆ, ಒಂದು ಬೆಳಿಗ್ಗೆ ಅದೇ ಗೀಟು ತಟ್ಟನೆ ಅದರ ಬಾಯಲ್ಲಿ ಸದ್ದಾಗುತ್ತದೆ. ಆಗ ಅದರ ಮುಖ ನೋಡಬೇಕು. ಅದೊಂದಕ್ಕಾಗಿ ನಾನು ಈ ಶೂ, ಈ ಉಚ್ಚೆ, ಈ ತಿಳಿನೀಲಿ ಗೋಡೆ ಎಲ್ಲ ತಡೆದುಕೊಂಡಿದ್ದೆ. ನನ್ನ ಈ ಮಕ್ಕಳು ಆ ಹಂತಕ್ಕೆ ಬಂದು ನಿಂತಿದ್ದರು. ಇನ್ನೇನು ಓದುತ್ತಾರೆ ಎನ್ನುವಾಗ ಇನ್ನೊಬ್ಬಳ ಕೈಗೆ ಕೊಟ್ಟು ಕೆಳಗೆ ಹೋಗಿ ಹೊದಿಕೆ ಮಡಿಸಬೇಕಂತೆ.

ಸಂಜೆ ಅಕ್ಕ ಬಂದಳು. ಅವಳು ನಮ್ಮ ಬೀದಿಯಲ್ಲೇ ಇರುವವಳು, ದೊಡ್ಡ ಶಾಲೆಯಲ್ಲಿ ಲೆಕ್ಕದ ಟೀಚರ್. ನಾನು ಪಾತ್ರೆಗಳನ್ನು ದಡಬಡ ಎಂದು ಕುಕ್ಕುತ್ತ ಕತೆಯೆಲ್ಲ ಹೇಳಿದೆ.

"ಪಾತ್ರೆ ಏನೇ ಮಾಡಿತ್ತು ಪಾಪ?" ಎಂದಳು. "ಇಷ್ಟು ಸಣ್ಣದಕ್ಕೆ ಯಾಕೆ ತಲೆ ಕೆಡಿಸ್ಕೊಳ್ತೀಯಾ? ಆ ಮಗೂನ ಪಕ್ಕಕ್ಕೆ ಕರ್ದು ಬಾಯಿಪಾಠ ಮಾಡಿಸು. ತುಂಬಾ ಕಲ್ಸಿದ್ರು ಅನ್ನು ಅಂತ. ಇನ್ಸ್ಪೆಕ್ಷನ್ ಬಂದಾಗ ನಾವೆಲ್ಲ ಮಾಡೋದು ಇನ್ನೇನು?"

"ಅಕ್ಕಾ, ಅವಳು ಅವಳ ಮನಸ್ಸಲ್ಲಿರೋದು ಹೇಳ್ಬೇಕು ಅನ್ನೋದೇ ಇದರ ಉದ್ದೇಶ."

"ಹೌದಾ? ಹಾಗಾದ್ರೆ ಅವಳು ಮನಸ್ಸಲ್ಲಿರೋದನ್ನ ಹೇಳ್ತಾನೇ ಇದಾಳಲ್ಲ. ಸಂತೋಷವಾಗಿ ಕೆಳಗೆ ಹೋಗಿ ಕೂತ್ಕೋ."

ಅಕ್ಕ ಸರಿಯಾದದ್ದು ಹೇಳಿದಾಗ ನನಗೆ ಸಿಟ್ಟು ಹೆಚ್ಚು. ಲೆಕ್ಕದ ಟೀಚರಿಗೆ ಮಕ್ಕಳ ಮನಸ್ಸು ಏನು ಗೊತ್ತು ಎಂದು ಅಂದುಬಿಟ್ಟೆ. ಅವಳು ಚಹಾ ಅರ್ಧಕ್ಕೇ ಬಿಟ್ಟು ಮುಖ ಊದಿಸಿಕೊಂಡು ಹೋದಳು.

ಗುರುವಾರ ನಾನು ಪ್ರಾಮಾಣಿಕವಾಗಿ ಪ್ರಯತ್ನಪಟ್ಟೆ. ಬೆಳಿಗ್ಗೆ ಇಡೀ ಹೊತ್ತು ಒಂದೇ ಪಾಠ: ದೊಡ್ಡದು, ಸಣ್ಣದು, ನಡುವಿನದು. ಸಾಸಿವೆಯನ್ನೇ ಮುಂದೆ ಕರೆದು, ಡಬ್ಬಿಗಳನ್ನು ಅವಳೇ ಜೋಡಿಸುವ ಹಾಗೆ ಮಾಡಿದೆ. ತಪ್ಪೇ ಇಲ್ಲ. ಮನೆಗೆ ಹೋಗುವ ಹೊತ್ತಿಗೆ ಚೆಂಡನ್ನು ಮೊದಲು ಅವಳಿಗೇ ಕೊಟ್ಟೆ.

"ಈಗ ಹೇಳು ಚಿನ್ನ. ನಾನು ಏನ್ ಕಲ್ಸಿದೆ?"

ಅವಳು ನನ್ನ ಕೈ ನೋಡಿದಳು. "ಏನೂ ಕಲ್ಸಿಲ್ಲ ಟೀಚರ್."

ನನಗೆ ಆವತ್ತು ಅಳುವೇ ಬಂತು. ಉಳಿದ ಮಕ್ಕಳು ಶೂ ಹಾಕಿಕೊಳ್ಳುತ್ತಿದ್ದಾಗ ಅವಳ ಕೈ ಹಿಡಿದು ಚೀಲಗಳನ್ನು ನೇತುಹಾಕುವ ಮೂಲೆಗೆ ಕರೆದುಕೊಂಡು ಹೋದೆ. ಹಿಡಿದದ್ದು ಸ್ವಲ್ಪ ಬಿಗಿಯಾಯಿತು ಅಂತಲೂ ಕಾಣುತ್ತದೆ. ಬಗ್ಗಿ ಕೂತು, "ನೋಡು, ನಾಳೆ ನಿಮ್ಮಪ್ಪ ಬರ್ತಾರೆ. ನಾನು ಕೇಳಿದ ತಕ್ಷಣ 'ತುಂಬಾ ಕಲ್ಸಿದ್ರು' ಅನ್ಬೇಕು. ಗೊತ್ತಾಯ್ತಾ?" ಅಂದೆ.

ಅವಳು ಕಣ್ಣು ಅಗಲ ಮಾಡಿದಳು. "ಆದ್ರೆ ಕಲ್ಸಿಲ್ವಲ್ಲ ಟೀಚರ್?"

"ಕಲ್ಸಿದೀನಿ! ಹಾಗೇ ಅನ್ಬೇಕು ಅಂದ್ರೆ ಅನ್ಬೇಕು. ಎಲ್ಲಿ, ಅನ್ನು ನೋಡೋಣ."

ಅವಳು ಒಂದು ಕ್ಷಣ ನನ್ನ ಮುಖವನ್ನೇ ನೋಡಿದಳು. ಆಮೇಲೆ ಪಿಸುಮಾತಿನಲ್ಲಿ, "ತುಂಬಾ ಕಲ್ಸಿದ್ರು" ಅಂದಳು.

"ಜಾಣೆ!" ಅಂದೆ. ತಲೆ ಸವರಿದೆ. ಅಷ್ಟು ದಿನದ ಮೇಲೆ ಅವಳನ್ನು ನೋಡಿ ನಕ್ಕದ್ದು ಆವತ್ತೇ.

ಶುಕ್ರವಾರ ಅವಳ ಅಪ್ಪ ತಲೆ ಬಾಚಿಕೊಂಡು, ಒಗೆದ ಅಂಗಿ ಹಾಕಿಕೊಂಡು ಬಂದ. ನಮ್ಮಲ್ಲಿರುವುದು ಮಕ್ಕಳ ಕುರ್ಚಿಗಳು. ಅದರಲ್ಲಿ ಕೂತಾಗ ಅವನ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಹೆಡ್ ಮೇಡಂ ಬಾಗಿಲ ಹತ್ತಿರ ನಿಂತರು. ಮಕ್ಕಳು ಹೊಸಬರ ಮುಂದೆ ಬಾಲ ಬಿಚ್ಚದೆ ಕೂತಿದ್ದರು, ಪಿಟೀಲಿನದೂ ಸದ್ದಿಲ್ಲ. ಚೆಂಡು ಸುತ್ತಿ ಬಂದು ಸಾಸಿವೆಯ ಮಡಿಲು ಸೇರಿತು.

"ಹೇಳಮ್ಮ, ನಾನು ಏನ್ ಕಲ್ಸಿದೆ?"

"ತುಂಬಾ ಕಲ್ಸಿದ್ರು" ಎಂದಳು. ಎಂದೂ ಇಲ್ಲದಷ್ಟು ಗಟ್ಟಿಯಾಗಿ.

ಅವಳ ಅಪ್ಪನ ಮುಖ ಅರಳಿತು. ನಾನು ಉಸಿರು ಬಿಟ್ಟೆ. ಅಷ್ಟಕ್ಕೇ ಚೆಂಡನ್ನು ಕಿತ್ತುಕೊಂಡು ಪಕ್ಕದವನಿಗೆ ಕೊಟ್ಟಿದ್ದರೆ ಆಗಿತ್ತು. ಆದರೆ ಅಪ್ಪನಿಗೆ ಇನ್ನಷ್ಟು ಕೇಳುವ ಆಸೆ. ಮುಂದಕ್ಕೆ ಬಾಗಿ, "ಏನ್ ಕಲ್ಸಿದ್ರು ಕಂದಾ?" ಎಂದ.

ಇದನ್ನು ನಾನು ಬಾಯಿಪಾಠ ಮಾಡಿಸಿರಲಿಲ್ಲ. ಸಾಸಿವೆ ನನ್ನ ಕಡೆ ನೋಡಿದಳು. ನಾನು ಹುಬ್ಬು ಎತ್ತಿದೆ, ದೊಡ್ಡದು ಸಣ್ಣದು ಎಂದು ಕೈಯಲ್ಲೇ ತೋರಿಸಿದೆ. ಅವಳು ಅದರಲ್ಲಿ 'ದೊಡ್ಡದು' ಎಂಬುದನ್ನಷ್ಟೇ ಹಿಡಿದುಕೊಂಡಳು.

"ಮೈದಾ" ಎಂದಳು.

"ಏನು?"

"ಮೈದಾ ಹಿಟ್ಟು. ದೊಡ್ಡ ಡ್ರಮ್ಮಲ್ಲಿ. ನೀನು ಕಲ್ಸ್ತೀಯಲ್ಲ ಅಪ್ಪಾ, ಅದಕ್ಕಿಂತ ಜಾಸ್ತಿ ಕಲ್ಸಿದ್ರು."

ಮೊದಲು ವಿಷಯ ಹೊಳೆದದ್ದು ಅವಳ ಅಪ್ಪನಿಗೆ. ಹಣೆ ಹಣೆ ಚಚ್ಚಿಕೊಂಡು, ಕುರ್ಚಿಯಿಂದ ಜಾರಿ ನೆಲದ ಮೇಲೇ ಕೂತು ನಕ್ಕ.

"ಅಯ್ಯೋ ಟೀಚರ್, ನಮ್ಮನೇಲಿ ಕಲ್ಸೋದು ಅಂದ್ರೆ ಹಿಟ್ಟು ಕಲ್ಸೋದೊಂದೇ! ಎದ್ರೆ ಅದೇ ಮಾತು, ಮಲಗಿದ್ರೆ ಅದೇ ಮಾತು. ಎಷ್ಟು ಕಲ್ಸಿದೆ, ಇನ್ನೂ ಕಲ್ಸ್ಬೇಕಾ, ಸರಿಯಾಗಿ ಕಲ್ಸಿಲ್ಲ ಅಂತ. ಪಾಠಕ್ಕೆ ನಾವು ಹೇಳ್ಕೊಡೋದು ಅಂತೀವಿ. ನಿಮ್ಮ ಸಂದೇಶ ನೋಡಿ, ಇಲ್ಲಿ ಹೀಗೇ ಅನ್ನೋದು ಅಂದ್ಕೊಂಡು ನಾನೂ ಹಾಗೇ ಕೇಳ್ದೆ. ಅದಕ್ಕೇ ಆವತ್ತು ಹಸಿರು ಕಲ್ಸಿದ್ರು ಅಂದಿದ್ದು!"

ಹೌದು. ಆವತ್ತು ನಾನು ಹಳದಿಯನ್ನೂ ನೀಲಿಯನ್ನೂ ತಟ್ಟೆಯಲ್ಲಿ ಕಲಸಿ ಹಸಿರು ಮಾಡಿ ತೋರಿಸಿದ್ದೆ. ಚೆಂಡು ಅವಳ ಕೈಗೆ ಬರುವ ಮೊದಲೇ ಆವತ್ತು ಮನೆಗೆ ಬಿಡುವ ಗಂಟೆ ಹೊಡೆದಿತ್ತು. ಇಡೀ ವರ್ಷದಲ್ಲಿ ನಾನು ಏನನ್ನಾದರೂ ಕಲಸಿದ್ದು ಅದೊಂದೇ ದಿನ. ಪಾಪದ ಹುಡುಗಿ ದಿನಾ ನನ್ನ ಕೈಯಲ್ಲಿ ಹಿಟ್ಟು ಮೆತ್ತಿದೆಯೋ ಎಂದು ಹುಡುಕಿ, ಇಲ್ಲವೆಂದು ಖಾತ್ರಿ ಮಾಡಿಕೊಂಡು, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ನಾನು ಮಾತ್ರ ದಿನಾ ಹಲ್ಲು ಕಡಿದಿದ್ದೆ. ಬೆಪ್ಪುತಕ್ಕಡಿ ಅಂದರೆ ನಾನೇ ಅನ್ನಿಸಿತು. ಆದರೂ ನಕ್ಕೆ. ಹೆಡ್ ಮೇಡಂ ಕೂಡ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಏನೆಂದು ತಿಳಿಯದಿದ್ದರೂ ಮಕ್ಕಳೂ ಬಿದ್ದು ಬಿದ್ದು ನಕ್ಕರು. ತರಗತಿ ಉಳಿಯಿತು ಎಂದುಕೊಂಡೆ.

"ಈಗ ಅವಳಿಗೆ ತಿಳಿಯೋ ಹಾಗೆ ಕೇಳಿ ಟೀಚರ್" ಎಂದರು ಹೆಡ್ ಮೇಡಂ. "ಅವರಪ್ಪ ಕೇಳಿಸ್ಕೊಂಡು ಹೋಗ್ಲಿ."

ನಾನು ಅವಳ ಎದುರು ಮಂಡಿಯೂರಿದೆ. "ಪುಟ್ಟ, ಹಿಟ್ಟು ಬಿಡು. ನಿನಗೆ ಮೊದ್ಲು ಗೊತ್ತಿರದೇ ಇದ್ದಿದ್ದು, ಇಲ್ಲಿ ಬಂದ ಮೇಲೆ ಗೊತ್ತಾಗಿದ್ದು ಯಾವುದಾದ್ರೂ ಇದೆಯಾ? ಹೊಸದಾಗಿ ಗೊತ್ತಾಗಿದ್ದು?"

ಈ ಸಲ ಅವಳು ನನ್ನ ಕೈ ನೋಡಲಿಲ್ಲ. ಚೆಂಡನ್ನೂ ಮರೆತು ಯೋಚಿಸಿದಳು. ಇಷ್ಟು ದಿನ ನಾನು ಕಾದದ್ದು ಇದಕ್ಕೇ. ಒಂದು ಮಗು ತನ್ನೊಳಗೇ ಹುಡುಕಾಡುವುದು ಹೊರಗಿನಿಂದ ಕಾಣುತ್ತಿತ್ತು. ತರಬೇತಿಯವರು ಹೇಳಿದ್ದರಲ್ಲಿ ಅರ್ಥ ಇತ್ತಲ್ಲಾ ಎಂದು ನನಗೆ ಮೊದಲ ಬಾರಿಗೆ ಅನ್ನಿಸಿತು. ಅವಳ ಮುಖ ಬೆಳಗಿತು. ಸಿಕ್ಕಿತ್ತು.

"ಇಲ್ದೇ ಇದ್ರೂ ಇದೆ ಅನ್ಬೇಕು" ಎಂದಳು. "ಆಗ ಟೀಚರಿಗೆ ಖುಷಿಯಾಗತ್ತೆ."

ಅವಳಪ್ಪನ ನಗು ಅರ್ಧಕ್ಕೆ ನಿಂತಿತು. "ಯಾರು ಹಾಗಂದಿದ್ದು ಕಂದಾ?"

"ನಿನ್ನೆ. ಚೀಲದ ಹತ್ರ. ಕಲ್ಸಿಲ್ಲ ಅಂದೆ. ಅನ್ಬೇಕು ಅಂದ್ರೆ ಅನ್ಬೇಕು ಅಂದ್ರು. ಆಮೇಲೆ ಜಾಣೆ ಅಂದ್ರು."

ಯಾರ ಮೇಲೂ ದೂರು ಹೇಳುವ ದನಿ ಅದಾಗಿರಲಿಲ್ಲ. ಕಲ್ಲು ಮುಳುಗುತ್ತದೆ, ಬಿರಡೆ ತೇಲುತ್ತದೆ ಎಂದು ಹೇಳುವ ಹಾಗೆ ಹೇಳಿದಳು.

ಹೆಡ್ ಮೇಡಂ ಬೇಗ ಮಾತು ತಿರುಗಿಸಿದರು. "ಮಕ್ಕಳಲ್ವಾ, ಏನೇನೋ ಕಲ್ಪನೆ ಮಾಡ್ಕೊಂಡು ಹೇಳ್ತಾವೆ. ಅಲ್ವಾ ಟೀಚರ್?" ಎಂದು ನನ್ನನ್ನು ನೋಡಿದರು. ನನ್ನನ್ನು ಉಳಿಸಲೆಂದೇ ಅಂದ ಮಾತು ಅದು. ನಾನು ಹೂಂ ಎಂದರೆ ಸಾಕಿತ್ತು. ಅಪ್ಪನೂ ನಂಬಲು ತಯಾರಾಗಿಯೇ ಇದ್ದ, ಈಗಷ್ಟೇ ಅಷ್ಟು ನಕ್ಕವನು. ಮೇಲಿನ ತರಗತಿ, ಇನ್ನೇನು ಓದಲಿದ್ದ ಮಕ್ಕಳು, ಎಲ್ಲ ಆ ಒಂದು ಹೂಂನಿಂದ ನನಗೆ ಉಳಿಯುತ್ತಿತ್ತು.

ಸಾಸಿವೆ ನನ್ನ ಮುಖವನ್ನೇ ನೋಡುತ್ತಿದ್ದಳು. ತಾನು ಹೇಳಿದ್ದು ಸರಿಯೋ ತಪ್ಪೋ ಎಂದು ನೋಡುತ್ತಿದ್ದಳು. ನನಗೆ ನನ್ನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

"ಇಲ್ಲ ಮೇಡಂ" ಎಂದೆ. "ಅವಳು ಕಲ್ಪನೆ ಮಾಡ್ಕೊಂಡಿಲ್ಲ. ನಿನ್ನೆ ನಾನೇ ಹೇಳ್ಕೊಟ್ಟೆ. ಅವಳು ಹೇಳಿದ್ದು ಸರಿಯಾಗಿದೆ."

ಅವಳಪ್ಪ ನೆಲದಿಂದ ಎದ್ದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮಗಳ ಚೀಲ ಹೆಗಲಿಗೆ ಹಾಕಿಕೊಂಡು, ಅವಳನ್ನು ಎತ್ತಿಕೊಂಡು ಹೊರಟ. ಹೆಡ್ ಮೇಡಂ ಕನ್ನಡಕ ತೆಗೆದರು.

ಸೋಮವಾರ ನಾನು ಕೆಳಗಿನ ಕೋಣೆಯಲ್ಲಿದ್ದೆ. ಪರದೆ ಎಳೆದ ಅರೆಗತ್ತಲು, ಪುಟ್ಟ ಹಾಸಿಗೆಗಳ ಸಾಲು, ಬೇಬಿ ಪೌಡರಿನ ವಾಸನೆ. ಕೂಸುಗಳು ಮಲಗಿದ್ದವು, ನಾನು ಹೊದಿಕೆ ಮಡಿಸುತ್ತಿದ್ದೆ. ಮನೆಗೆ ಹೋಗುವ ಹೊತ್ತಿಗೆ ಮೇಲಿನ ತರಗತಿಯ ಸದ್ದು ಮಹಡಿ ದಾಟಿ ಕೇಳಿಸಿತು. ಹೊಸ ಹುಡುಗಿಯ ದನಿ ಚುರುಕಾಗಿ, ಇವತ್ತು ನಿಮಗೆ ಎಷ್ಟು ಕಲ್ಸಿದೆ ಮಕ್ಕಳೇ ಎಂದು ಕೇಳಿತು. "ತುಂಬಾ ಕಲ್ಸಿದ್ರೂ!" ಎಂದು ಇಡೀ ತರಗತಿ ಒಂದೇ ರಾಗದಲ್ಲಿ ಕೂಗಿತು. ಒಂದು ಕೂಸು ಬೆಚ್ಚಿ ಎದ್ದು ಅಳತೊಡಗಿತು. ಅದನ್ನು ಎತ್ತಿಕೊಂಡು ತಟ್ಟುತ್ತ ಬಾಗಿಲ ಬಳಿ ನಿಂತೆ.

ಮೆಟ್ಟಿಲು ಇಳಿದು ಬರುವ ಸಾಲಿನ ಕೊನೆಯಲ್ಲಿ ಸಾಸಿವೆ ಇದ್ದಳು. ನನ್ನನ್ನು ಕಂಡು ನಿಂತಳು.

"ಇಲ್ಲಿ ಏನ್ ಹೇಳ್ಕೊಡ್ತೀರಾ ಟೀಚರ್?"

"ಏನಿಲ್ಲ ಪುಟ್ಟ. ಇವರು ಮಲಗ್ತಾರೆ, ನಾನು ನೋಡ್ಕೊಳ್ತೀನಿ." ಕೇಳಬಾರದು ಎಂದುಕೊಂಡೇ ಕೇಳಿದೆ. "ಮೇಲೆ ಎಲ್ಲರೂ ಕೂಗಿದ್ರಲ್ಲ, ನೀನೂ ಹಾಗೇ ಅಂದ್ಯಾ?"

ಅವಳು ಹೌದೆಂದು ತಲೆಯಾಡಿಸಿದಳು. ಮುಷ್ಟಿ ಬಿಚ್ಚಿ ಅಂಗೈ ಎತ್ತಿ ತೋರಿಸಿದಳು. ಅದರ ಮೇಲೆ ಹೊಳೆಯುವ ಕೆಂಪು ನಕ್ಷತ್ರದ ಸ್ಟಿಕ್ಕರ್ ಅಂಟಿಸಿತ್ತು.

"ಎಲ್ಲರಿಗಿಂತ ಜೋರಾಗಿ ಅಂದೆ" ಎಂದಳು. ಈಗ ಅವಳು ಪಿಸುಗುಡುತ್ತಿರಲಿಲ್ಲ. "ಚೆನ್ನಾಗಿದೆಯಾ ಟೀಚರ್?"

ತೋಳಿನಲ್ಲಿದ್ದ ಕೂಸು ಇನ್ನೂ ಬಿಕ್ಕುತ್ತಿತ್ತು. ಸಾಸಿವೆ ಅಂಗೈಯನ್ನು ಇನ್ನಷ್ಟು ಮೇಲಕ್ಕೆತ್ತಿ, ನನ್ನ ಮುಖ ನೋಡುತ್ತ ಕಾದಳು. ಗೇಟಿನ ಬಳಿ ಅವಳ ಅಪ್ಪ ಬಂದು ನಿಂತಿದ್ದ.

"ತುಂಬಾ ಚೆನ್ನಾಗಿದೆ" ಅಂದೆ.